ಹಿಮದೂರಲ್ಲೊಂದು ಮನೆ ಮತ್ತು 1483ರ ಒಂದು ಕರಾರು

ಸ್ವಿಟ್ಜರ್ಲೆಂಡಿನ ಯಾವುದೋ ಬೆಟ್ಟದೂರು. ಕಿಟಕಿ ತೆಗೆದರೆ ಸ್ಕೀ ಆಡುವ ಇಳಿಜಾರು. ಒಂದು ಪುಟ್ಟ ಮರದ ಮನೆ, ಅದೂ ಸ್ವಂತದ್ದು! ಹಿಂದಿ ಸಿನಿಮಾ ಹಾಡು ನೋಡಿಕೊಂಡು ಬೆಳೆದ ನಮ್ಮ ಪೀಳಿಗೆಗೆ ಇದಕ್ಕಿಂತ ಒಳ್ಳೆಯ ಹಗಲುಗನಸು ಇಲ್ಲ ಬಿಡಿ. (ಆ ಮನೆಗೆ ಫ್ರೆಂಚಿನಲ್ಲಿ ‘ಶಲೇ’ ಅಂತಾರೆ. ಅವಸರದಲ್ಲಿ ‘ಶಾಲೆ’ ಅಂತ ಓದಿಕೊಳ್ಳಬೇಡಿ.) ಜ್ಯೂರಿಕ್‌ನಲ್ಲಿ ಕೆಲಸದಲ್ಲಿರುವ ನನ್ನ ಗೆಳೆಯನೊಬ್ಬ ಕನಸಿಗೇ ನಿಲ್ಲದೆ ನಿಜವಾಗಿ ವಿಚಾರಿಸಲು ಹೊರಟ. "ದುಡ್ಡಿನ ಮಾತು ಆಮೇಲೆ ಮಾರಾಯ, ಮೊದಲು ನೀನು ಯಾರು ಅಂತ ಕೇಳ್ತಾರೆ" ಅಂದ ಫೋನಿನಲ್ಲಿ. ಆ ಮಾತಿನ ಬಾಲ ಹಿಡಿದು ಓದುತ್ತಾ ಹೋದರೆ, ಈ ‘ನೀನು ಯಾರು’ ಅನ್ನುವ ಪ್ರಶ್ನೆ ಅಲ್ಲಿ ಐನೂರು ವರ್ಷಕ್ಕೂ ಹಳೆಯದು.

ವಾಲೇ ಅಂತ ಒಂದು ಕ್ಯಾಂಟನ್ ಇದೆ, ಜರ್ಮನ್ ಮಾತಾಡುವವರು ವಾಲಿಸ್ ಅಂತಾರೆ. ಜರ್ಮಾಟ್‌ಗೆ ಹೋಗುವ ಕಣಿವೆಯ ಬಾಯಲ್ಲಿ, ವಿಸ್ಪ್ ಪೇಟೆಯ ಮೇಲೆ, ಟೋರ್ಬೆಲ್ ಅನ್ನುವ ಹಳ್ಳಿ. 1483ರ ಫೆಬ್ರವರಿ 1ರಂದು ಆ ಹಳ್ಳಿಯವರು ಸೇರಿ ಒಂದು ಕರಾರು ಬರೆದುಕೊಂಡರು. ಊರೊಟ್ಟಿನ ಕಾಡು, ಬೀಳುನೆಲ, ಬೇಸಿಗೆಯಲ್ಲಿ ದನ ಹೊಡೆದುಕೊಂಡು ಹೋಗುವ ಎತ್ತರದ ಹುಲ್ಲುಗಾವಲು, ಅಂದರೆ ನಮ್ಮ ಗೋಮಾಳದಂಥದ್ದು, ಇವನ್ನೆಲ್ಲ ಹೇಗೆ ಬಳಸಬೇಕು ಅಂತ. ಅದರಲ್ಲಿ ಸ್ಪಷ್ಟವಾಗಿ ಒಂದು ಮಾತಿದೆ: ಪರವೂರಿನವನೊಬ್ಬ ಟೋರ್ಬೆಲ್‌ನಲ್ಲಿ ಜಾಗ ಕೊಂಡರೂ, ಅಷ್ಟರಿಂದಲೇ ಅವನಿಗೆ ಊರ ಹುಲ್ಲುಗಾವಲಿನ ಮೇಲಾಗಲಿ ಕಾಡಿನ ಮರದ ಮೇಲಾಗಲಿ ಯಾವ ಹಕ್ಕೂ ಹುಟ್ಟುವುದಿಲ್ಲ.

ಇದೇನು ಸಣ್ಣ ಮಾತು ಅನ್ನಿಸಬಹುದು. ಅಲ್ಲಿನ ಬದುಕು ಗೊತ್ತಾದರೆ ಇದರ ತೂಕ ತಿಳಿಯುತ್ತೆ. ಅಂಥ ಊರಲ್ಲಿ ಚಳಿಗಾಲವೇ ದೊಡ್ಡದು. ಬೇಸಿಗೆಯಲ್ಲಿ ಕೊಯ್ದಿಟ್ಟ ಒಣಹುಲ್ಲಿನ ಮೇಲೆ ದನ ಉಳಿಯಬೇಕು, ಕಡಿದಿಟ್ಟ ಸೌದೆಯ ಮೇಲೆ ಮನುಷ್ಯರು ಉಳಿಯಬೇಕು. 1517ರಲ್ಲಿ ಅವರೇ ಇನ್ನೊಂದು ನಿಯಮ ಮಾಡಿಕೊಂಡರು: ಚಳಿಗಾಲದಲ್ಲಿ ತನ್ನ ಸ್ವಂತ ಹುಲ್ಲಿನಿಂದ ಎಷ್ಟು ಹಸು ಸಾಕಬಲ್ಲನೋ, ಬೇಸಿಗೆಯಲ್ಲಿ ಊರ ಹುಲ್ಲುಗಾವಲಿಗೆ ಒಬ್ಬ ಅಷ್ಟೇ ಹಸು ಬಿಡಬೇಕು. ಎಷ್ಟು ಚೆನ್ನಾಗಿದೆ ನೋಡಿ! ಬೇಸಿಗೆಯಲ್ಲಿ ಅಗ್ಗಕ್ಕೆ ದನ ಕೊಂಡು ತಂದು, ಊರ ಹುಲ್ಲಲ್ಲಿ ಕೊಬ್ಬಿಸಿ, ಹಿಮ ಬೀಳುವ ಮುಂಚೆ ಮಾರಿ ಹೋಗುವ ಜಾಣನಿಗೆ ಒಂದೇ ಸಾಲಿನಲ್ಲಿ ಬಾಗಿಲು ಬಂದ್. ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ನೆಟ್ಟಿಂಗ್ ಈ ಊರನ್ನು ಅಭ್ಯಾಸ ಮಾಡಿ 1981ರಲ್ಲಿ ಪುಸ್ತಕ ಬರೆದರು. ಆಮೇಲೆ ಎಲಿನಾರ್ ಆಸ್ಟ್ರಮ್, ಅದೇ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ಇದೇ ಟೋರ್ಬೆಲ್ಲನ್ನು ಉದಾಹರಣೆಯಾಗಿ ಎತ್ತಿಕೊಂಡರು. ಊರವರು ತಾವೇ ನಿಯಮ ಮಾಡಿಕೊಂಡು ಊರೊಟ್ಟಿನ ಆಸ್ತಿಯನ್ನು ಶತಮಾನಗಟ್ಟಲೆ ಕಾಪಾಡಬಲ್ಲರು ಅನ್ನುವುದಕ್ಕೆ.

ಸರಿ, ಇದು ಚಂದದ ಮುಖ. ಇದೇ ನಿಯಮದ ಇನ್ನೊಂದು ಮುಖ ನೋಡಬೇಕಾದರೆ ಕಣಿವೆಯ ಮೇಲ್ತುದಿಗೆ, ಜರ್ಮಾಟ್‌ಗೆ ಹೋಗಬೇಕು.

ಅಲೆಕ್ಸಾಂಡರ್ ಸೈಲರ್ ಹುಟ್ಟಿದ್ದು 1819ರಲ್ಲಿ, ಬ್ಲಿಟ್ಸಿಂಗನ್ ಅನ್ನುವ ಹಳ್ಳಿಯಲ್ಲಿ. ಸಾಬೂನು ಮಾಡುವ ಕಸುಬು. ಅವನ ಅಣ್ಣ ಜರ್ಮಾಟ್‌ನಲ್ಲಿ ಪಾದ್ರಿಯಾಗಿದ್ದ, ಆ ನಂಟಿನಿಂದ ಇವನೂ ಅಲ್ಲಿಗೆ ಬಂದ. ಊರಲ್ಲಿದ್ದ ಒಂದು ಸಣ್ಣ ವಸತಿಗೃಹವನ್ನು ಗುತ್ತಿಗೆಗೆ ಹಿಡಿದು, ಕೊಂಡುಕೊಂಡು, ದೊಡ್ಡದು ಮಾಡಿ 1855ರಲ್ಲಿ ‘ಮೋಂಟೆ ರೋಸಾ’ ಅಂತ ಹೋಟೆಲ್ ತೆರೆದ. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ತಂಡ ಮೊದಲ ಬಾರಿಗೆ ಮ್ಯಾಟರ್‌ಹಾರ್ನ್ ಏರಿತಲ್ಲ, ಏಳು ಜನ ಹತ್ತಿ ನಾಲ್ವರು ಇಳಿಯುವಾಗ ಬಿದ್ದು ಸತ್ತದ್ದು, ವಿಂಪರ್ ಇಳಿದುಕೊಂಡಿದ್ದು ಇದೇ ಹೋಟೆಲಲ್ಲಿ. ಆ ದುರಂತದಿಂದಲೇ ಊರಿನ ಹೆಸರು ಜಗತ್ತಿಗೆ ಗೊತ್ತಾಯಿತು. ಸೈಲರ್ ಒಂದಾದ ಮೇಲೊಂದು ಹೋಟೆಲ್ ಮಾಡಿದ, ಊರಿಗೆ ದುಡ್ಡು ಬಂತು.

ಆದರೆ ಅವನು ಊರವನಲ್ಲ! ಸ್ವಿಸ್ ಹಳ್ಳಿಗಳಲ್ಲಿ ಊರಲ್ಲಿ ವಾಸ ಇರುವುದು ಬೇರೆ, ಊರ ‘ಬುರ್ಗರ್’ ಆಗಿರುವುದು ಬೇರೆ. ಕಾಡು, ಹುಲ್ಲುಗಾವಲು ಬುರ್ಗರ್ ಮನೆತನಗಳದ್ದು. 1871ರಲ್ಲಿ ಸೈಲರ್ ತನ್ನನ್ನೂ ಬುರ್ಗರ್ ಮಾಡಿಕೊಳ್ಳಿ ಅಂತ ಕೇಳಿದ. ಊರವರು ಸುತರಾಂ ಒಪ್ಪಲಿಲ್ಲ. ಅದೇ ಕ್ಯಾಂಟನ್ನಿನವನು, ಅದೇ ಭಾಷೆ, ಅದೇ ಕ್ಯಾಥೊಲಿಕ್ ಧರ್ಮ, ಅಣ್ಣ ಪಾದ್ರಿ. ಊಹ್ಞೂಂ. ವ್ಯಾಜ್ಯ ಊರಿಂದ ಕ್ಯಾಂಟನ್ನಿಗೆ, ಕ್ಯಾಂಟನ್ನಿಂದ ಒಕ್ಕೂಟ ಸರ್ಕಾರದ ತನಕ ಏರಿತು. ಹದಿನೆಂಟು ವರ್ಷ! 1889ರಲ್ಲಿ ಕೊನೆಗೂ ಅವನಿಗೆ ಹಕ್ಕು ಸಿಕ್ಕಿತು. ಎರಡೇ ವರ್ಷಕ್ಕೆ, 1891ರಲ್ಲಿ, ತೀರಿಕೊಂಡ. ವಿಸ್ಪ್‌ನಿಂದ ಜರ್ಮಾಟ್‌ಗೆ ರೈಲು ಬಂದದ್ದೂ ಅದೇ ವರ್ಷ. ಅಂದ್ಹಾಗೆ ಬುರ್ಗರ್‌ಗಳೇನೂ ಸುಮ್ಮನೆ ಕೂತಿರಲಿಲ್ಲ. 1879ರಲ್ಲಿ ತಾವೇ ‘ಜರ್ಮಾಟರ್‌ಹೋಫ್’ ಅಂತ ಹೋಟೆಲ್ ಕಟ್ಟಿಸಿದರು. ಅದು ಇಂದಿಗೂ ಅವರ ಒಟ್ಟಿನ ಆಸ್ತಿ.

ನನಗೆ ಸೈಲರ್ ಪರ ಮನಸ್ಸು ವಾಲುತ್ತದೆ. ಆದರೆ ಬುರ್ಗರ್‌ಗಳ ಭಯವನ್ನೂ ಸುಳ್ಳು ಅನ್ನಲಾರೆ. ಒಬ್ಬನೇ ಮನುಷ್ಯ ಊರಿನ ಅರ್ಧ ಹಾಸಿಗೆಗಳ ಒಡೆಯನಂತಾಗಿ, ಮೇಲೆ ಕಾಡಿಗೂ ಪಾಲುದಾರನಾದರೆ?

ಇಷ್ಟೂ ಕಾಲ ಹಿಮಕ್ಕೆ ಬೆಲೆ ಇರಲಿಲ್ಲ ಅನ್ನುವುದನ್ನು ಮರೆಯಬಾರದು. ಪ್ರವಾಸಿಗರು ಬರುತ್ತಿದ್ದುದು ಬೇಸಿಗೆಗೆ. ಚಳಿಗಾಲದ ಮೋಜು ನಿಧಾನಕ್ಕೆ ಶುರುವಾಯಿತು. ಷರ್ಲಾಕ್ ಹೋಮ್ಸ್‌ನ ಜನಕ ಕಾನನ್ ಡಾಯ್ಲ್ 1894ರಲ್ಲಿ ದಾವೋಸ್‌ನಿಂದ ಅರೋಸಾಕ್ಕೆ ಬೆಟ್ಟ ದಾಟಿ ಸ್ಕೀಯಲ್ಲಿ ಹೋಗಿ, ಅದನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಬರೆದ. ಆದರೂ ಇಳಿಯಬೇಕಾದರೆ ಮೊದಲು ಹತ್ತಬೇಕಲ್ಲ, ಅದು ಎಷ್ಟು ಜನರಿಂದ ಆದೀತು? 1934ರಲ್ಲಿ ದಾವೋಸ್‌ನ ಬೋಲ್ಗನ್ ಇಳಿಜಾರಿನಲ್ಲಿ ಎರ್ನ್ಸ್ಟ್ ಕಾನ್ಸ್ಟಮ್ ಅನ್ನುವ ಎಂಜಿನಿಯರ್ ಒಂದು ಯಂತ್ರ ಹಾಕಿದ. ಓಡುವ ಹಗ್ಗಕ್ಕೆ ನೇತುಹಾಕಿದ ಕೊಕ್ಕೆಕೋಲಿಗೆ ಬೆನ್ನ ಕೆಳಭಾಗ ಆನಿಸಿ ನಿಂತರೆ ಸಾಕು, ಅದೇ ಮೇಲಕ್ಕೆ ಎಳೆದುಕೊಂಡು ಹೋಗುತ್ತೆ. ನೆಲದ ಲೆಕ್ಕ ತಲೆಕೆಳಗಾದದ್ದು ಇಲ್ಲಿಂದ. ಹುಲ್ಲು ಚೆನ್ನಾಗಿ ಬೆಳೆಯುವ ಬಿಸಿಲು ಬೀಳುವ ಹೊಲ ಚಿನ್ನವಾಗಿದ್ದ ಕಡೆ, ಆರು ತಿಂಗಳು ಹಿಮ ಹೊದ್ದು ಮಲಗುವ ನಿಷ್ಪ್ರಯೋಜಕ ಇಳಿಜಾರಿನ ಪಕ್ಕದ ಜಾಗವೂ ಚಿನ್ನವಾಯಿತು.

ಇನ್ನೊಂದು ಬದಲಾವಣೆ ಯಾರ ಕಣ್ಣಿಗೂ ಬೀಳದಂಥದ್ದು, ಕಾನೂನಿನದು. ವಾಲೇಯ ಹಳೆ ಮರದ ಮನೆಗಳಲ್ಲಿ ಪಾಲಾದಾಗ ಮಹಡಿಗೊಬ್ಬ ಒಡೆಯ ಇರುತ್ತಿದ್ದ. 1912ರಲ್ಲಿ ಬಂದ ಸ್ವಿಸ್ ನಾಗರಿಕ ಸಂಹಿತೆ ಹೊಸದಾಗಿ ಹಾಗೆ ಮಹಡಿ ಹಂಚುವುದನ್ನು ನಿಲ್ಲಿಸಿತ್ತು. 1965ರಲ್ಲಿ ಮತ್ತೆ ಅವಕಾಶ ಕೊಟ್ಟರು. ಅಂದರೆ ಒಂದೊಂದೇ ಫ್ಲಾಟ್ ಮಾರಬಹುದು. ಜರ್ಮನಿಯ ವೈದ್ಯರೊಬ್ಬರು ಈಗ ಇಡೀ ಮನೆ ಕೊಳ್ಳಬೇಕಿಲ್ಲ, ಎರಡು ಕೋಣೆ ಕೊಂಡರೆ ಸಾಕು! ಹೊರಗೆ ಮರದ ತೊಡಿಗೆ, ಒಳಗೆ ಕಾಂಕ್ರೀಟು. ವರ್ಷದಲ್ಲಿ ಮೂರ್ನಾಲ್ಕು ವಾರ ದೀಪ ಉರಿಯುತ್ತೆ, ಉಳಿದಂತೆ ಕಿಟಕಿ ಮುಚ್ಚಿರುತ್ತೆ. ಇಂಥವಕ್ಕೆ ಜರ್ಮನ್‌ನಲ್ಲಿ ‘ಕಾಲ್ಟೆ ಬೆಟ್ಟನ್’ ಅಂತಾರೆ, ತಣ್ಣನೆ ಹಾಸಿಗೆಗಳು.

ಪರದೇಶದವರು ನೆಲ ಕೊಳ್ಳಲು ಪರವಾನಗಿ ಬೇಕು ಅನ್ನುವ ಕಾನೂನು ಬಂದದ್ದು 1961ರಲ್ಲಿ. ಆಮೇಲೆ ಅದನ್ನು ಬಿಗಿ ಮಾಡುತ್ತ, ಸಡಿಲ ಮಾಡುತ್ತ ಬಂದರು. ಪ್ರತಿ ಸಲವೂ ಆಗಿನ ಮಂತ್ರಿಯ ಹೆಸರಿಂದ ಕರೆಯುವುದು ರೂಢಿ: ಲೆಕ್ಸ್ ಫುರ್ಗ್ಲರ್, ಲೆಕ್ಸ್ ಫ್ರೀಡ್ರಿಷ್, 1997ರಿಂದ ಲೆಕ್ಸ್ ಕೋಲರ್. ಇಡೀ ದೇಶಕ್ಕೆ ವರ್ಷಕ್ಕೆ 1500 ರಜೆಮನೆ ಪರವಾನಗಿ, ಅದರಲ್ಲಿ ದೊಡ್ಡ ಪಾಲು ವಾಲೇಗೆ. ಮನೆ ಸಾಮಾನ್ಯವಾಗಿ 200 ಚದರ ಮೀಟರ್ ಮೀರುವಂತಿಲ್ಲ (ಬೆಂಗಳೂರಿನ ಲೆಕ್ಕದಲ್ಲಿ ಇಪ್ಪತ್ತೊಂದು ಚದರದ ಮೇಲೆ ಸ್ವಲ್ಪ), ನಿವೇಶನ 1000 ಚದರ ಮೀಟರ್, ಅಂದರೆ ಹತ್ತು ಗುಂಟೆಯಷ್ಟು. ನನ್ನ ಗೆಳೆಯನ ಬಳಿ ಇರುವುದು ಬಿ ಪರವಾನಗಿ. ಅದರ ಮೇಲೆ ತಾನು ವಾಸ ಇರುವ ಕಡೆ ಇರಲಿಕ್ಕೊಂದು ಮನೆ ಕೊಳ್ಳಬಹುದು. ಬೆಟ್ಟದ ಮೇಲೆ ರಜೆಮನೆ ಬೇಕೆಂದರೆ ಆ 1500ರ ಸಾಲಿನಲ್ಲಿ ನಿಲ್ಲಬೇಕು. ಇಲ್ಲವೇ ಸಿ ಪರವಾನಗಿ ಬರುವ ತನಕ ಕಾಯಬೇಕು, ನಮ್ಮಂಥವರಿಗೆ ಸಾಮಾನ್ಯವಾಗಿ ಹತ್ತು ವರ್ಷ.

ಆದರೆ ತಣ್ಣನೆ ಹಾಸಿಗೆಗಳಲ್ಲಿ ಬಹಳಷ್ಟು ಸ್ವಿಸ್ ಪೇಟೆಯವರದ್ದೇ! ಪರಿಸರ ಹೋರಾಟಗಾರ ಫ್ರಾಂಜ್ ವೇಬರ್ ಹಿಡಿದದ್ದು ಈ ಎಳೆಯನ್ನು. 2012ರ ಮಾರ್ಚ್ 11ರ ಜನಮತದಲ್ಲಿ, ಯಾವ ಊರಲ್ಲೂ ಎರಡನೇ ಮನೆಗಳು ಶೇಕಡಾ 20ನ್ನು ಮೀರಬಾರದು ಅನ್ನುವ ಅವರ ಪ್ರಸ್ತಾಪ 50.6 ಶೇಕಡಾ ಮತದಿಂದ ಗೆದ್ದಿತು. ವಾಲೇಯಲ್ಲಿ ನಾಲ್ವರಲ್ಲಿ ಮೂವರ ಹತ್ತಿರ ಬೇಡ ಅಂದಿದ್ದರು. ಚೋದ್ಯ ನೋಡಿ: ಪರವೂರಿನವನನ್ನು ಹೊರಗಿಡಲು ಕರಾರು ಬರೆದ ನಾಡಿನವರೇ ಈಗ ಪರವೂರಿನವನಿಗೆ ಮಾರುವ ಹಕ್ಕು ಬೇಕು ಅಂದರು, ಮಾರಕೂಡದು ಅಂದದ್ದು ಬಯಲಿನ ಪೇಟೆಗಳು. ಬೆಟ್ಟದ ಬಡಗಿಗಳು, ಗಾರೆಯವರು ಬದುಕುವುದೇ ಈ ಕಟ್ಟಡಗಳಿಂದ, ಅವರ ಸಿಟ್ಟು ನ್ಯಾಯದ್ದೇ. 2016ರಿಂದ ಜಾರಿಗೆ ಬಂದ ಕಾನೂನು ಇನ್ನೊಂದು ಕಿಂಡಿ ಬಿಟ್ಟಿತು: 2012ರ ಆ ದಿನಕ್ಕೆ ಮುಂಚಿನ ಮನೆಗಳನ್ನು ರಜೆಮನೆ ಮಾಡಲು ಅಡ್ಡಿಯಿಲ್ಲ. ಹೊಸದು ಕಟ್ಟುವಂತಿಲ್ಲ ಅಂದಮೇಲೆ ದುಡ್ಡಿದ್ದವರ ಕಣ್ಣು ಎಲ್ಲಿ ಬೀಳುತ್ತೆ? ಊರ ನಡುವೆ ಅಜ್ಜಿ ಬಿಟ್ಟುಹೋದ ಹಳೆ ಮನೆಯ ಮೇಲೆ. ಲಿಫ್ಟ್ ನಡೆಸುವ ಹುಡುಗನಿಗೆ ಬಾಡಿಗೆಗೆ ಸಿಗುತ್ತಿದ್ದದ್ದೂ ಅಂಥದ್ದೇ.

ಇದೇ ವಾಲೇಯಲ್ಲಿ, ಲಾಯ್ಕರ್‌ಬಾಡ್ ಹತ್ತಿರ, ಆಲ್ಬಿನನ್ ಅಂತ ಇನ್ನೂರೈವತ್ತು ಜನವೂ ಇಲ್ಲದ ಹಳ್ಳಿ. ಶಾಲೆ (ಈ ಸಲ ನಿಜವಾದ ಶಾಲೆ) ಮುಚ್ಚಿತ್ತು. 2017ರ ನವೆಂಬರ್ 30ರಂದು ಊರವರು ಸೇರಿ ತೀರ್ಮಾನಿಸಿದರು: ಇಲ್ಲಿ ಮನೆ ಮಾಡುವವರಿಗೆ ಊರೇ ದುಡ್ಡು ಕೊಡುತ್ತೆ, ದೊಡ್ಡವರಿಗೆ ತಲಾ 25,000 ಫ್ರಾಂಕ್, ಮಕ್ಕಳಿಗೆ 10,000. ‘ಸ್ವಿಟ್ಜರ್ಲೆಂಡಿಗೆ ಬನ್ನಿ, ದುಡ್ಡು ತಗೊಳ್ಳಿ’ ಅಂತ ಜಗತ್ತಿಡೀ ಸುದ್ದಿಯಾಗಿ, ಆ ಪುಟ್ಟ ಪಂಚಾಯ್ತಿಗೆ ದೇಶವಿದೇಶದ ಅರ್ಜಿಗಳಿಗೆ ಉತ್ತರಿಸಿಯೇ ಸಾಕಾಯಿತು. ಷರತ್ತುಗಳನ್ನು ಯಾರೂ ಓದಿರಲಿಲ್ಲ. ವಯಸ್ಸು 45ರ ಒಳಗಿರಬೇಕು. ಮನೆಗೆ ಕಡಿಮೆಯೆಂದರೂ 2 ಲಕ್ಷ ಫ್ರಾಂಕ್ ಹಾಕಬೇಕು. ಪರದೇಶದವರಾದರೆ ಸಿ ಪರವಾನಗಿ ಬೇಕು. ರಜೆಮನೆಗೆ ಕಾಸಿಲ್ಲ, ಖಾಯಂ ವಾಸ ಅಲ್ಲೇ ಇರಬೇಕು. ಹತ್ತು ವರ್ಷ ತುಂಬುವ ಮೊದಲು ಊರು ಬಿಟ್ಟರೆ ಪೂರ್ತಿ ಹಣ ವಾಪಸ್ ಕಟ್ಟಬೇಕು.