ಹೊಸ ಊರಿನ ನೀರು ನಿಜವಾಗಿಯೂ ‘ಒಗ್ಗುತ್ತದೆಯೇ’? ದೂರದಿಂದ ಬಂದ ಸ್ವಯಂಸೇವಕರ ಮೊದಲ ತಿಂಗಳು

ಬೇರೆ ದೇಶದಿಂದ ಬಂದ ಒಬ್ಬ ಸ್ವಯಂಸೇವಕಿ ಆಳಂದ, ಅಫಜಲಪುರ ಅಥವಾ ಜೇವರ್ಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಉಳಿದುಕೊಂಡಿದ್ದಾರೆ ಎಂದುಕೊಳ್ಳಿ. ಎರಡನೇ ದಿನ ಹೊಟ್ಟೆ ಕೆಡುತ್ತದೆ. “ಹೊಸಾ ನೀರು ಅದ, ನಾಕ್ ದಿನದಾಗ ಒಗ್ಗತದ ಬಿಡ್ರಿ” ಎಂದು ಮನೆಯ ಹಿರಿಯರು ಸಮಾಧಾನ ಹೇಳುತ್ತಾರೆ. ಮೂರನೇ ದಿನ ಬಿಸಿಲಿಗೆ ತಲೆ ಸುತ್ತುತ್ತದೆ. ಆಗಲೂ ಅದೇ ಮಾತು. ಅಷ್ಟರಲ್ಲಿ ಫೋನಿಗೆ ಹತ್ತಾರು ಫಾರ್ವರ್ಡ್‌ಗಳೂ ಬಂದಿರುತ್ತವೆ: ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಳ್ಳಿ, ಬಿಸಿಲಿನಿಂದ ಬಂದ ಕೂಡಲೇ ತಣ್ಣೀರು ಕುಡಿಯಬೇಡಿ, ನೀರನ್ನು ಕುದಿಸಿದರೆ ಎಲ್ಲವೂ ಶುದ್ಧ.

‘ಒಗ್ಗುತ್ತದೆ’ ಎಂಬ ಮಾತು ಅರ್ಧ ನಿಜ, ಅರ್ಧ ಅಪಾಯ. ಬಿಸಿಲಿಗೆ ದೇಹ ಒಗ್ಗುತ್ತದೆ, ಖಾರಕ್ಕೆ ನಾಲಿಗೆ ಒಗ್ಗುತ್ತದೆ, ಹೊಸ ಜನರ ನಡುವೆ ಮನಸ್ಸೂ ಒಗ್ಗುತ್ತದೆ. ಕೊಳಕು ನೀರು, ಫ್ಲೋರೈಡ್, ಹಾವಿನ ವಿಷದ ವಿಚಾರದಲ್ಲಿ ಆ ಮಾತನ್ನು ನಂಬಿ ಕೂರುವಂತಿಲ್ಲ. ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು ಎಂಬುದನ್ನು ಒಂದೊಂದಾಗಿ ನೋಡೋಣ.

ಬಿಸಿಲಿಗೆ ದೇಹ ಒಗ್ಗುತ್ತದೆಯೇ?

ಹೌದು. ಆದರೆ ಅದಕ್ಕೆ 1ರಿಂದ 2 ವಾರ ಬೇಕು. ಪ್ರತಿದಿನ ಸ್ವಲ್ಪ ಹೊತ್ತು ಬಿಸಿಯಲ್ಲಿ ಕೆಲಸ ಮಾಡುತ್ತಾ ಹೋದರೆ ರಕ್ತದ ದ್ರವಭಾಗ ಹೆಚ್ಚುತ್ತದೆ. ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ. ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಅದೇ ಕೆಲಸಕ್ಕೆ ಹೃದಯ ಮೊದಲಿನಷ್ಟು ಜೋರಾಗಿ ಬಡಿಯಬೇಕಾಗುವುದಿಲ್ಲ.

ಹೀಗಾಗಿ ಅಪಾಯ ಹೆಚ್ಚಿರುವುದು ಮೊದಲ ಕೆಲವು ದಿನಗಳಲ್ಲೇ. ಬಿಸಿಯಲ್ಲಿ ದುಡಿಯುವ ಹೊಸಬರಿಗೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಯಾಶ್ ಸರಳ ಲೆಕ್ಕವೊಂದನ್ನು ಕೊಟ್ಟಿದೆ. ಮೊದಲ ದಿನ ಪೂರ್ಣ ಕೆಲಸದ ಶೇ 20ರಷ್ಟು ಮಾತ್ರ, ಆಮೇಲೆ ದಿನಕ್ಕೆ ಶೇ 20ರಷ್ಟು ಹೆಚ್ಚಳ. ಹೊಲ, ಕೆರೆ, ಶಾಲೆಯ ಅಂಗಳದ ಕೆಲಸಕ್ಕೆ ಬಂದ ಸ್ವಯಂಸೇವಕರಿಗೂ ಈ ಲೆಕ್ಕ ಸಾಕು.

ಕಲಬುರಗಿ ಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಆ ಎರಡು ತಿಂಗಳು ಇಲ್ಲಿನ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದು ವಾಡಿಕೆ. ಊರಿನವರು ಮಧ್ಯಾಹ್ನ ನೆರಳಿನಲ್ಲಿ ಕೂರುವುದು ಸೋಮಾರಿತನವಲ್ಲ, ಅನುಭವದಿಂದ ಬಂದ ಜಾಣತನ. ಹೊಸಬರು ಮೊದಲು ಕಲಿಯಬೇಕಾದ್ದೂ ಅದನ್ನೇ.

ಉಳ್ಳಾಗಡ್ಡಿ ಮತ್ತು ತಣ್ಣೀರಿನ ಫಾರ್ವರ್ಡ್‌ಗಳು

ಜೇಬಿನಲ್ಲಿಟ್ಟ ಉಳ್ಳಾಗಡ್ಡಿ ಬಿಸಿಲಿನ ಹೊಡೆತವನ್ನು ‘ಎಳೆದುಕೊಳ್ಳುತ್ತದೆ’ ಎಂಬುದಕ್ಕೆ ಆಧಾರವಿಲ್ಲ. ಊಟದ ಜೊತೆ ತಿಂದರೆ ರುಚಿ, ಅಷ್ಟೇ. ಜೇಬಿನಲ್ಲಿದೆಯಲ್ಲ ಎಂಬ ಧೈರ್ಯದಿಂದ ಹೆಚ್ಚು ಹೊತ್ತು ಬಿಸಿಲಿನಲ್ಲಿ ನಿಂತರೆ ಅದೇ ಅಪಾಯ.

ಬಿಸಿಲಿನಿಂದ ಬಂದು ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದೆ ಎಂಬುದೂ ಸುಳ್ಳು. ತುಂಬಾ ತಣ್ಣಗಿನ ನೀರನ್ನು ಗಟಗಟ ಕುಡಿದರೆ ಕೆಲವರಿಗೆ ಕ್ಷಣಕಾಲ ಹಣೆ ಸಿಡಿದಂತಾಗಬಹುದು, ಹೊಟ್ಟೆ ಹಿಡಿದಂತಾಗಬಹುದು. ಈ ಫಾರ್ವರ್ಡ್ ನಂಬಿ ಬಿಸಿಲು ಬಡಿದು ಬಿದ್ದವರಿಗೆ ತಣ್ಣೀರು ಹಾಕದೆ ಕಾದರೆ ಮಾತ್ರ ಜೀವಕ್ಕೇ ಕುತ್ತು.

ದೇಹದ ಒಳಗಿನ ಉಷ್ಣಾಂಶ 40 ಡಿಗ್ರಿ ಮೀರಿ, ಮಾತು ತೊದಲಿ, ಗೊಂದಲವಾಗಿ, ಎಚ್ಚರ ತಪ್ಪುವ ಸ್ಥಿತಿಯೇ ಹೀಟ್ ಸ್ಟ್ರೋಕ್. ಬೆವರು ನಿಂತಿರಲೇಬೇಕು ಎಂದಿಲ್ಲ. ಕೂಡಲೇ 108ಕ್ಕೆ ಕರೆ ಮಾಡಿ. ನೆರಳಿಗೆ ತಂದು, ಹೆಚ್ಚಿನ ಬಟ್ಟೆ ತೆಗೆದು, ಮೈಮೇಲೆ ತಣ್ಣೀರು ಸುರಿಯುತ್ತಾ ಗಾಳಿ ಹಾಕಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಆಂಬುಲೆನ್ಸ್ ಬರುವವರೆಗೂ ತಂಪು ಮಾಡುವುದನ್ನು ನಿಲ್ಲಿಸಬೇಡಿ.

ಹಾಗಾದರೆ ನೀರು?

‘ನೀರು ಬದಲಾಯಿತು, ಹೊಟ್ಟೆ ಕೆಟ್ಟಿತು’ ಎನ್ನುತ್ತೇವೆ. ಹೆಚ್ಚಿನ ಸಲ ಹೊಟ್ಟೆ ಕೆಡಿಸುವುದು ಆ ನೀರಿನಲ್ಲೋ ಆಹಾರದಲ್ಲೋ ಇರುವ ರೋಗಾಣು. ಪ್ರಯಾಣಿಕರ ಭೇದಿಗೆ ಬಹುಪಾಲು ಕಾರಣ ಇ. ಕೋಲಿಯಂಥ ಬ್ಯಾಕ್ಟೀರಿಯಾಗಳು.

“ನಾವೆಲ್ಲ ಇದೇ ನೀರು ಕುಡಿತೀವಿ, ನಮಗೇನೂ ಆಗಂಗಿಲ್ಲ” ಎಂಬ ಮಾತಿನಲ್ಲಿ ಸ್ವಲ್ಪ ನಿಜವಿದೆ. ಚಿಕ್ಕಂದಿನಿಂದ ಅವೇ ರೋಗಾಣುಗಳನ್ನು ಎದುರಿಸಿದವರಿಗೆ ಒಂದಿಷ್ಟು ಪ್ರತಿರೋಧ ಬಂದಿರುತ್ತದೆ. ಆದರೆ ಆ ಪ್ರತಿರೋಧ ಬಂದಿದ್ದು ಬಾಲ್ಯದಲ್ಲಿ ಮತ್ತೆ ಮತ್ತೆ ಕಾಯಿಲೆ ಬಿದ್ದು. ಅದು ಪೂರ್ತಿ ರಕ್ಷಣೆಯೂ ಅಲ್ಲ. ಊರಿನವರಿಗೂ ಟೈಫಾಯ್ಡ್, ಕಾಮಾಲೆ, ವಾಂತಿಭೇದಿ ಬರುತ್ತವೆ. ಹೆಚ್ಚು ತೊಂದರೆ ಪಡುವವರು ಅದೇ ಊರಿನ ಮಕ್ಕಳು. ಹಾಗಾಗಿ ಅತಿಥಿಯ ಹೊಟ್ಟೆ ಕೆಟ್ಟರೆ ಅದು ಮನೆಯವರಿಗೂ ಒಂದು ಎಚ್ಚರಿಕೆ.

ಭೇದಿ ಶುರುವಾದರೆ ಮೊದಲ ಮದ್ದು ಓಆರ್‌ಎಸ್. ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರಿಗೆ ಇಡೀ ಪೊಟ್ಟಣ ಹಾಕಿ. ಪೊಟ್ಟಣ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಸಮತಟ್ಟಾಗಿ ಅಳೆದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಲದಲ್ಲಿ ರಕ್ತ, ಜೋರು ಜ್ವರ, ಕುಡಿದದ್ದೆಲ್ಲ ವಾಂತಿ, ಮೂತ್ರ ತೀರಾ ಕಡಿಮೆ, ಇವುಗಳಲ್ಲಿ ಯಾವುದಿದ್ದರೂ ವೈದ್ಯರ ಬಳಿ ಹೋಗಿ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ಆ್ಯಂಟಿಬಯೋಟಿಕ್ ನುಂಗಬೇಡಿ.

ಕುದಿಸಿದರೆ ಎಲ್ಲವೂ ಶುದ್ಧವೇ?

ರೋಗಾಣುಗಳ ಮಟ್ಟಿಗೆ ಹೌದು. ನೀರು ಚೆನ್ನಾಗಿ ಮರಳಲು ಶುರುವಾದ ಮೇಲೆ 1 ನಿಮಿಷ ಬಿಟ್ಟರೆ ಸಾಕು. ಅರ್ಧ ಗಂಟೆ ಕುದಿಸಿ ಗ್ಯಾಸ್ ಖಾಲಿ ಮಾಡಬೇಕಿಲ್ಲ. ಬಟ್ಟೆಯಲ್ಲಿ ಸೋಸುವುದು, ಪಟಕ ತಿರುಗಿಸುವುದು ಕೆಸರನ್ನು ಕಡಿಮೆ ಮಾಡುತ್ತವೆ. ಅಷ್ಟರಿಂದಲೇ ನೀರು ಕುಡಿಯಲು ಸುರಕ್ಷಿತವಾಗುವುದಿಲ್ಲ.

ಫ್ಲೋರೈಡ್ ವಿಷಯ ಬೇರೆ. ಕಲಬುರಗಿ ಜಿಲ್ಲೆಯ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಉಳಿಯುವುದರಿಂದ ಅದರ ಪ್ರಮಾಣ ಇನ್ನಷ್ಟು ಏರುತ್ತದೆ. ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ. ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ. ಕೆಲವು ತಿಂಗಳಿಗೆ ಬಂದ ವಯಸ್ಕ ಅತಿಥಿಗೆ ಇದರಿಂದ ದೊಡ್ಡ ತೊಂದರೆಯಾಗುವುದು ಅಪರೂಪ. ವರ್ಷಗಟ್ಟಲೆ ಕುಡಿಯುವ ಊರಿನ ಮಕ್ಕಳ ಹಲ್ಲಿನ ಮೇಲೆ ಕಲೆ ಬೀಳುತ್ತದೆ, ದೊಡ್ಡವರ ಎಲುಬು, ಕೀಲು ಬಿಗಿಯುತ್ತವೆ. ಇಲ್ಲಿ ‘ಒಗ್ಗುವುದು’ ಎಂದರೆ ಕಾಯಿಲೆ ನಿಧಾನವಾಗಿ ಬೆಳೆಯುವುದು ಎಂದೇ ಅರ್ಥ.

ಬಣ್ಣ, ರುಚಿ, ವಾಸನೆಯಿಂದ ಫ್ಲೋರೈಡ್ ಗೊತ್ತಾಗುವುದಿಲ್ಲ. ಊರಿನ ನೀರಿನ ಪರೀಕ್ಷೆ ಆಗಿದೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಆರ್‌ಓ ಇರುವ ಶುದ್ಧ ಕುಡಿಯುವ ನೀರಿನ ಘಟಕ ಸರಿಯಾಗಿ ನಡೆಯುತ್ತಿದ್ದರೆ ಕುಡಿಯಲು, ಅಡುಗೆಗೆ ಅದೇ ನೀರು ಬಳಸಿ.

ಊಟ, ಉಪಚಾರ

ತವದಿಂದ ಇಳಿದ ಬಿಸಿ ಜೋಳದ ರೊಟ್ಟಿ, ಕುದಿಯುವ ತೊಗರಿ ಬೇಳೆ, ಎಣ್ಣೆ ಬದನೆಕಾಯಿ ಹೊಸಬರಿಗೂ ಸುರಕ್ಷಿತ. ಖಾರದ ಉರಿ ಕ್ರಮೇಣ ಕಡಿಮೆ ಅನ್ನಿಸುತ್ತದೆ, ಏಕೆಂದರೆ ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ಗೆ ನಾಲಿಗೆಯ ನರತುದಿಗಳ ಸ್ಪಂದನೆ ಇಳಿಯುತ್ತದೆ. ಬೇಳೆ, ಜೋಳದ ನಾರಿನಿಂದ ಮೊದಮೊದಲು ಹೊಟ್ಟೆ ಉಬ್ಬರಿಸುವುದೂ ಕೆಲವು ವಾರಗಳಲ್ಲಿ ತಗ್ಗುತ್ತದೆ. ಇವೆರಡೂ ನಿಜವಾಗಿ ‘ಒಗ್ಗುವ’ ವಿಷಯಗಳು. ಎಚ್ಚರ ಬೇಕಾದ್ದು ಹೆಚ್ಚಿಟ್ಟ ಸೌತೆಕಾಯಿ, ಹಸಿ ಮೆಂತ್ಯ ಸೊಪ್ಪಿನಲ್ಲಿ. ತೊಳೆದ ನೀರು ಹೇಗಿತ್ತೋ ಅವೂ ಹಾಗೇ.

ಮನೆಗೆ ಬಂದವರಿಗೆ ಮೊದಲು ನೀರು ಕೊಡುವುದು ನಮ್ಮ ಮರ್ಯಾದೆ. ಬೇಡವೆನ್ನಲು ಅತಿಥಿಗೂ ಮುಜುಗರ. ಇದಕ್ಕೆ ಸುಲಭ ದಾರಿ ಚಹಾ, ಅದು ಕುದಿದಿರುತ್ತದೆ. “ನೀರು ಬಾಟ್ಲ್ಯಾಗ ಅದಾವ್ರಿ, ಚಾ ಕೊಡ್ರಿ” ಎಂದರೆ ಯಾರಿಗೂ ಬೇಸರವಾಗದು.

ಕಾಯುವ ಮಾತೇ ಇಲ್ಲದ ಎರಡು ಸಂಗತಿ

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದೆ ಆ್ಯಂಟಿವೆನಮ್ ಇರುವ ಆಸ್ಪತ್ರೆಗೆ ಹೋಗಿ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿದೆ. ನಾಯಿ ಕಚ್ಚಿದರೆ ಅಥವಾ ಪರಚಿದರೆ ಸಾಬೂನು, ಹರಿಯುವ ನೀರಿನಿಂದ 15 ನಿಮಿಷ ತೊಳೆದು ಅದೇ ದಿನ ಲಸಿಕೆ ಶುರುಮಾಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ತೀರಾ ವಿರಳ.

ಮನಸ್ಸು ಒಗ್ಗಲು ಎಷ್ಟು ದಿನ?

ಮೊದಲು ಸಂಭ್ರಮ, ಆಮೇಲೆ ಕುಸಿತ, ಕೊನೆಗೆ ಹೊಂದಾಣಿಕೆ ಎಂಬ ‘ಯು’ ಆಕಾರದ ರೇಖೆ ಬಹಳ ಪ್ರಸಿದ್ಧ. ಅದು 1955ರಲ್ಲಿ ಪ್ರಕಟವಾದ, ನಾರ್ವೆಯವರ ಕುರಿತ ಅಧ್ಯಯನದಿಂದ ಬಂದದ್ದು. ಎಲ್ಲರಿಗೂ ಹೀಗೇ ಆಗುವುದಿಲ್ಲ ಎಂದು ನಂತರದ ಅಧ್ಯಯನಗಳು ತೋರಿಸಿವೆ. ಎಷ್ಟೋ ಜನರಿಗೆ ಮೊದಲ ವಾರಗಳೇ ಅತಿ ಕಷ್ಟ. ಹಾಗಾಗಿ ಬಂದ ಹೊಸದರಲ್ಲೇ ಅಳು ಬಂದರೆ ಅದು ಸೋಲಲ್ಲ.

1961ರಿಂದ 1976ರವರೆಗೆ ಅಮೆರಿಕದ ಪೀಸ್ ಕಾರ್ಪ್ಸ್ ಸ್ವಯಂಸೇವಕರು ಭಾರತದಲ್ಲಿ ಕೆಲಸ ಮಾಡಿದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಕಾರ್ಟರ್ 1966ರಲ್ಲಿ, 68ನೇ ವಯಸ್ಸಿನಲ್ಲಿ, ಮುಂಬೈನ ವಿಕ್ರೋಳಿಗೆ ನರ್ಸ್ ಆಗಿ ಬಂದಿದ್ದರು. ಆ ಸಂಸ್ಥೆಯ ಈಗಿನ ಪದ್ಧತಿಯಲ್ಲಿ 2 ವರ್ಷದ ಸೇವೆಗೆ ಮೊದಲು ಸುಮಾರು 3 ತಿಂಗಳ ತರಬೇತಿ ಇರುತ್ತದೆ. ಹೆಚ್ಚಿನ ಕಡೆ ಆಗ ಸ್ಥಳೀಯರ ಮನೆಯಲ್ಲೇ ವಾಸ, ಭಾಷೆಯ ಕಲಿಕೆ. ಅಂದರೆ ಹೊಂದಿಕೊಳ್ಳುವುದನ್ನೂ ಕೆಲಸದ ಭಾಗವೆಂದೇ ಎಣಿಸುತ್ತಾರೆ.

ಊರಿನವರು ಮಾಡಬಹುದಾದ್ದು ಬಹಳವಿದೆ. “ಶರಣ್ರಿ”, “ಊಟ ಆಯ್ತೇನ್ರಿ”, “ಸಾಕ್ರಿ” ಎಂಬ ಮಾತು ಕಲಿಸಿ. ಅಕ್ಕ, ಅಣ್ಣ, ಕಾಕಾ ಎಂದು ಯಾರನ್ನು ಹೇಗೆ ಕರೆಯಬೇಕೆಂದು ತಿಳಿಸಿ. ಬಿಸಿಲು ಏರುವ ಮೊದಲು ಕೆಲಸ ಮುಗಿಸಲು ಹೇಳಿ. ಇವೇ ಮಾತುಗಳು ನಮ್ಮ ತಾಲ್ಲೂಕುಗಳಿಂದ ಬೇರೆ ದೇಶಕ್ಕೆ ಹೋಗುವ ಹುಡುಗ ಹುಡುಗಿಯರಿಗೂ ಅನ್ವಯಿಸುತ್ತವೆ. ಊರು ಬೇರೆ, ದೇಹ ಒಂದೇ.

ಒಟ್ಟಿನಲ್ಲಿ, ಬಿಸಿಲಿಗೆ ಎರಡು ವಾರ ಕೊಡಿ, ಖಾರಕ್ಕೆ ಕೆಲವು ವಾರ, ಮನಸ್ಸಿಗೆ ಬೇಕಾದಷ್ಟು ದಿನ. ನೀರಿಗೆ ಮಾತ್ರ ಒಂದು ದಿನವನ್ನೂ ಕೊಡಬೇಡಿ, ಮೊದಲ ಲೋಟದಿಂದಲೇ ಶುದ್ಧವಾದದ್ದನ್ನು ಕುಡಿಯಿರಿ. ಮುಂದಿನ ಸಲ ಉಳ್ಳಾಗಡ್ಡಿಯ ಫಾರ್ವರ್ಡ್ ಬಂದಾಗ ಅದನ್ನು ಮುಂದೆ ಕಳಿಸುವ ಬದಲು ಓಆರ್‌ಎಸ್ ಅಳತೆಯನ್ನೂ 108 ಸಂಖ್ಯೆಯನ್ನೂ ಗ್ರೂಪಿಗೆ ಹಾಕಿ.