ಹಿಂದಿನ ಸೀಟಿನ ದಿಬ್ಬ

ಕಾರುಗಳ ಚರಿತ್ರೆಯನ್ನು ಹೆಚ್ಚಾಗಿ ಬರೆದವರು ಸ್ಟೀರಿಂಗ್ ಹಿಡಿದವರು. ಹಿಂದಿನ ಸೀಟಿನಲ್ಲಿ ಕುಳಿತವರಿಗೂ ಹೇಳಲು ಒಂದಿಷ್ಟಿದೆ.

ನನ್ನ ತವರು ಸೊರಬ, ಕೊಟ್ಟ ಮನೆ ಶಿಕಾರಿಪುರ. ಶಿರಾಳಕೊಪ್ಪದ ಮೇಲೆ ಹೋಗುವ ಈ ದಾರಿಯಲ್ಲಿ ಮದುವೆ, ಬಾಣಂತನ ಎಂದು ಬಾಡಿಗೆಯ ಅಂಬಾಸಿಡರ್ ಹತ್ತುತ್ತಿದ್ದೆವು. ಕಿಟಕಿಯ ಪಕ್ಕ ಹಿರಿಯರಿಗೆ, ವಾಂತಿಯಾಗುವವರಿಗೆ, ನಡುವೆ ಸೊಸೆ. ಅಲ್ಲಿ ನೆಲದಲ್ಲೊಂದು ದಿಬ್ಬ. ಮಗುವನ್ನು ತೊಡೆಯ ಮೇಲಿಟ್ಟುಕೊಂಡು, ಮೊಣಕಾಲು ಎತ್ತಿಕೊಂಡೇ ಊರು ಮುಟ್ಟಬೇಕು.

ದಿಬ್ಬಕ್ಕೆ ಕಾರಣವಿತ್ತು. ಎಂಜಿನ್ ಮುಂದಿದ್ದರೂ ಅದು ತಿರುಗಿಸುತ್ತಿದ್ದುದು ಹಿಂದಿನ ಚಕ್ರಗಳನ್ನು. ಶಕ್ತಿಯನ್ನು ಹಿಂದಕ್ಕೊಯ್ಯುವ ಉದ್ದನೆಯ ಶಾಫ್ಟು ನಡುವೆ ಹಾಯಬೇಕಲ್ಲ! 1959ರಲ್ಲಿ ಇಂಗ್ಲೆಂಡಿನ ಅಲೆಕ್ ಇಸಿಗೊನಿಸ್ ರೂಪಿಸಿದ ಮಿನಿ ಕಾರಿನಲ್ಲಿ ಎಂಜಿನ್ ಅಡ್ಡಲಾಗಿ ಕೂತಿತು. ಮುಂದಿನ ಚಕ್ರಗಳೇ ಕಾರನ್ನು ಎಳೆದವು. ಒಳಗೆ ಜಾಗ ಉಳಿಯಿತು. ಆ ಒಂದೇ ಕಾರು ಆಸ್ಟಿನ್ ಸೆವೆನ್, ಮಾರಿಸ್ ಮಿನಿ ಮೈನರ್ ಎಂಬ ಎರಡು ಹೆಸರಲ್ಲಿ ಮಾರಾಟವಾಯಿತು. ನಮ್ಮಲ್ಲಿ ಮುಂದಿನ ಚಕ್ರ ಎಳೆಯುವ ಕಾರು ಮನೆಮಾತಾದದ್ದು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಿಂದ. ಅದರ ಮೂಲ ಜಪಾನಿನ ಸುಜುಕಿ ಆಲ್ಟೊ.

ಕಾರಿನ ನೆಲ, ಚಕ್ರಗಳ ಜೋಡಣೆ, ಎಂಜಿನ್ ಕೂರುವ ಜಾಗ, ಸ್ಟೀರಿಂಗಿನ ಏರ್ಪಾಟು ಇವೆಲ್ಲ ಸೇರಿದ ತಳಕ್ಕೆ ಪ್ಲಾಟ್‌ಫಾರಂ ಎನ್ನುತ್ತಾರೆ. ಅದನ್ನು ಹೊಸದಾಗಿ ರೂಪಿಸಲು ಬಹಳ ಹಣ ಬೇಕು. ಹಾಗಾಗಿ ಒಂದೇ ತಳದ ಮೇಲೆ ಹಲವು ಕಾರು ಕಟ್ಟುತ್ತಾರೆ. ರುಬ್ಬಿದ ಹಿಟ್ಟು ಒಂದೇ. ಬೆಳಿಗ್ಗೆ ದೋಸೆ, ಸಂಜೆ ಪಡ್ಡು. ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 2010ರಲ್ಲಿ ಎಟಿಯೋಸ್, ಮರುವರ್ಷ ಅದೇ ತಳದ ಲಿವಾ ಬಂದವು. 2019ರಲ್ಲಿ ಮಾರುತಿಯ ಬಲೆನೊ ಕಾರೇ ಟೊಯೋಟಾದ ಗ್ಲಾನ್ಜಾ ಆಯಿತು. 2022ರಲ್ಲಿ ಟೊಯೋಟಾ ಹೈರೈಡರ್, ಮಾರುತಿ ಗ್ರಾಂಡ್ ವಿಟಾರಾ ಎರಡೂ ಬಿಡದಿಯಲ್ಲೇ ತಯಾರಾಗತೊಡಗಿದವು.

ತಳ ಹಂಚಿಕೊಂಡವು ಬಿಡಿಭಾಗಗಳನ್ನೂ ಹಂಚಿಕೊಳ್ಳುತ್ತವೆ. ಸಣ್ಣ ಊರಿಗೆ ಇದು ಅನುಕೂಲವೇ. ಆದರೆ ದೋಷವೂ ಹಂಚಿಹೋಗುತ್ತದೆ. 2023ರ ಜನವರಿಯಲ್ಲಿ ಏರ್‌ಬ್ಯಾಗ್ ಕಂಟ್ರೋಲರಿನಲ್ಲಿ ದೋಷವಿರಬಹುದೆಂದು ಮಾರುತಿ 17,362 ಕಾರುಗಳನ್ನು ವಾಪಸು ಕರೆಯಿತು. ಅವುಗಳಲ್ಲಿ ಬಲೆನೊ, ಗ್ರಾಂಡ್ ವಿಟಾರಾ ಇದ್ದವು. ಟೊಯೋಟಾ ಕೂಡ 1,390 ಗ್ಲಾನ್ಜಾ, ಹೈರೈಡರ್‌ಗಳನ್ನು ಕರೆಯಿತು. ಅಪಘಾತವಾದರೆ ಮನೆಮಂದಿಯ ಜೀವ ಕಾಯಬೇಕಾದ ಭಾಗ ಅದು.

ಕಾರು ಕೊಳ್ಳುವಾಗ ಮನೆಯ ಹೆಂಗಸರನ್ನು ಬಣ್ಣ ಯಾವುದಿರಲಿ ಎಂದಷ್ಟೇ ಕೇಳುವ ರೂಢಿ ನಮ್ಮ ಕಡೆ ಹೋಗಿಲ್ಲ. ಬಣ್ಣ ಹೇಳೋಣ. ಜೊತೆಗೆ ನಾವೂ ಕೇಳೋಣ: ಇದರ ತಳ ಬೇರಾವ ಕಾರಿನದು? ವಾಪಸು ಕರೆದವುಗಳಲ್ಲಿ ಇದೂ ಇದೆಯೇ? ಎರಡು ಹೆಸರಿಗೆ ಎರಡು ಬೆಲೆಯಾದರೆ ಹೆಚ್ಚಿನ ದುಡ್ಡು ಯಾತಕ್ಕೆ?