ಮೊದಲು ನಿಲ್ಲುವುದು ಉಸಿರೋ, ಎದೆಬಡಿತವೋ?

1848ರ ಜನವರಿ. ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ 15 ವರ್ಷದ ಹ್ಯಾನಾ ಗ್ರೀನರ್ ಎಂಬ ಹುಡುಗಿಯ ಕಾಲ್ಬೆರಳಿನ ಉಗುರು ಕೀಳಬೇಕಿತ್ತು. ನೋವಾಗದಿರಲೆಂದು ಕ್ಲೋರೋಫಾರ್ಮ್ ಮೂಸಿಸಿದರು. ಕೆಲವೇ ನಿಮಿಷಗಳಲ್ಲಿ ಅವಳು ಸತ್ತಳು. ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಈ ಔಷಧವನ್ನು ಬಳಕೆಗೆ ತಂದು ಆಗಿನ್ನೂ ಮೂರು ತಿಂಗಳೂ ತುಂಬಿರಲಿಲ್ಲ.

ಅಂದಿನಿಂದ ವೈದ್ಯರಲ್ಲಿ ಎರಡು ಪಕ್ಷಗಳಾದವು. ಕ್ಲೋರೋಫಾರ್ಮ್ ನೇರವಾಗಿ ಹೃದಯವನ್ನೇ ನಿಲ್ಲಿಸಬಲ್ಲದು, ಆದ್ದರಿಂದ ಬೆರಳು ನಾಡಿಯ ಮೇಲಿರಲಿ ಎಂದಿತು ಒಂದು ಪಕ್ಷ. ಮೊದಲು ನಿಲ್ಲುವುದು ಉಸಿರು, ಆದ್ದರಿಂದ ಕಣ್ಣು ಎದೆಯ ಏರಿಳಿತದ ಮೇಲಿರಲಿ ಎಂದಿತು ಇನ್ನೊಂದು.

ಈ ಜಗಳದ ತೀರ್ಪಿಗೆ ಕಣವಾದದ್ದು ಹೈದರಾಬಾದ್. ಬೀದರ್, ಕಲಬುರಗಿ, ರಾಯಚೂರುಗಳೂ ಸೇರಿದ್ದ ನಿಜಾಮರ ರಾಜ್ಯದ ರಾಜಧಾನಿ ಅದು. ಅಲ್ಲಿನ ವೈದ್ಯಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿ ಎಡಿನ್‌ಬರೋದಲ್ಲಿ ಕಲಿತವರು, ಉಸಿರಿನ ಪಕ್ಷದವರು. 1888ರಲ್ಲಿ ಅವರು ಒಂದು ಆಯೋಗ ರಚಿಸಿ ನಾಯಿಗಳ ಮೇಲೆ ಪ್ರಯೋಗ ಮಾಡಿಸಿದರು. ಉಸಿರೇ ಮೊದಲು ನಿಂತಿತು. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಇದನ್ನು ಒಪ್ಪಲಿಲ್ಲ. ಆಗ ಆರನೇ ನಿಜಾಮ ಮಹಬೂಬ್ ಅಲಿ ಖಾನರ ಸರ್ಕಾರ 1,000 ಪೌಂಡ್ ಕೊಟ್ಟು, ಪತ್ರಿಕೆಯೇ ಆರಿಸಿದ ತಜ್ಞ ಲಾಡರ್ ಬ್ರಂಟನ್‌ರನ್ನು ಕರೆಸಿತು. 1889ರಲ್ಲಿ ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆದು, ರಕ್ತದೊತ್ತಡದ ಏರಿಳಿತ ಕಾಗದದ ಮೇಲೆ ಗೆರೆಯಾಗಿ ಮೂಡಿತು. ಹೃದಯದ ಪಕ್ಷದತ್ತ ಒಲವಿದ್ದ ಬ್ರಂಟನ್ ಲಾರಿಯವರ ಮಾತನ್ನು ಒಪ್ಪಿಕೊಂಡರು.

ಒಪ್ಪಲು ಕಾರಣ ದೇಹದ ರಚನೆಯಲ್ಲೇ ಇದೆ. ಉಸಿರಾಡು ಎಂಬ ಆಜ್ಞೆ ಹೊರಡುವುದು ಮಿದುಳಿನ ಬುಡದಿಂದ. ಔಷಧ ಹೆಚ್ಚಾದರೆ ಆ ಆಜ್ಞೆ ನಿಲ್ಲುತ್ತದೆ. ಹೃದಯಕ್ಕೆ ಬಡಿಯಲು ಮಿದುಳಿನ ಅಪ್ಪಣೆ ಬೇಡ. ಬಡಿತ ಅದರ ಸ್ನಾಯುವಿನೊಳಗೇ ಹುಟ್ಟುತ್ತದೆ. ಹಾಗಾಗಿ ಉಸಿರು ನಿಂತ ಮೇಲೂ ಅದು ಕೆಲ ನಿಮಿಷ ಬಡಿಯುತ್ತಿರುತ್ತದೆ. ಅಷ್ಟರೊಳಗೆ ಕೃತಕ ಉಸಿರು ಕೊಟ್ಟರೆ ಜೀವ ಉಳಿಯಬಹುದು. ಲಾರಿ ಇದನ್ನೇ ವಿದ್ಯಾರ್ಥಿಗಳಿಗೆ ಕಲಿಸಿದರು. ಅವರಲ್ಲೊಬ್ಬರಾದ ರೂಪಾಬಾಯಿ ಫರ್ದೂನ್‌ಜಿ 1889ರಲ್ಲಿ ತೇರ್ಗಡೆಯಾಗಿ, ಜಗತ್ತಿನ ಮೊದಲ ಅರಿವಳಿಕೆ ವೈದ್ಯೆಯರ ಸಾಲಿಗೆ ಸೇರಿದರು.

ಆದರೆ ಹ್ಯಾನಾಳಂಥವರ ಸಾವಿಗೆ ಈ ಉತ್ತರ ಸಾಲದು. ಹಲವರು ಸತ್ತದ್ದು ಔಷಧ ಹೆಚ್ಚಾಗಿ ಅಲ್ಲ, ಆರಂಭದಲ್ಲೇ, ಇನ್ನೂ ಅರೆಪ್ರಜ್ಞೆಯಲ್ಲಿದ್ದಾಗ. 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲಿನ ಪ್ರಯೋಗದಿಂದ ಕಾರಣ ತೋರಿಸಿದರು. ಕ್ಲೋರೋಫಾರ್ಮ್ ಕಡಿಮೆ ಪ್ರಮಾಣದಲ್ಲಿದ್ದಾಗ ರಕ್ತಕ್ಕೆ ಅಡ್ರಿನಲಿನ್ ಸೇರಿದರೆ ಹೃದಯ ಲಯ ತಪ್ಪಿ, ಬಡಿಯುವ ಬದಲು ಬರೇ ಅದುರುತ್ತದೆ; ರಕ್ತ ಮುಂದೆ ಹೋಗುವುದಿಲ್ಲ. ಹೆದರಿದ ದೇಹ ತಾನೇ ಸುರಿಸುವ ರಸ ಅಡ್ರಿನಲಿನ್. ಹೈದರಾಬಾದಿನ ಪ್ರಯೋಗಗಳ ಕಾಲಕ್ಕೆ ಅದನ್ನು ಯಾರೂ ಗುರುತಿಸಿರಲಿಲ್ಲ.

ಅಲ್ಲಿಗೆ ಎರಡೂ ಪಕ್ಷಗಳ ಮಾತಿನಲ್ಲಿ ಅರ್ಧರ್ಧ ನಿಜವಿತ್ತು. ಕ್ಲೋರೋಫಾರ್ಮ್ ಈಗ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಮರೆಯಾಗಿದೆ. ಅಲ್ಲಿನ ಮಾನಿಟರಿನಲ್ಲಿ ಹೃದಯದ ಗೆರೆಯೂ ಉಸಿರಿನ ಗೆರೆಯೂ ಒಂದರ ಕೆಳಗೊಂದು ಓಡುತ್ತಿರುತ್ತವೆ.